ಕರಿ ಬಾನೆಟ್ಟಿನ ಗೆರೆ

ಮೇ ೮, ಗುರುವಾರ

ಕಥೆ ಹೇಳಬೇಕೆಂದರೆ ಎದುರಿಗೊಬ್ಬರು ಕೂತು ಹೂಂಗುಟ್ಟಬೇಕು. ಹೂಂಗುಟ್ಟದವರಿಗೆ ನಮ್ಮಜ್ಜಿ ಕಥೆಯನ್ನೇ ಹೇಳುತ್ತಿರಲಿಲ್ಲ. ಈ ಕಮಾಲನೂ ಅವಳ ಮೊಮ್ಮಗನೇ. ಕೊಪ್ಪದಲ್ಲಿ ನನ್ನ ವಾಟರ್ ಸರ್ವಿಸ್ ಶೆಡ್ಡಿಗೆ ಗಾಡಿ ತೊಳೆಸಲು ಬಂದವರು ಇಪ್ಪತ್ತಾರು ವರ್ಷದಲ್ಲಿ ಕಥೆ ಕೇಳದೆ ಹೋದದ್ದಿಲ್ಲ. ಆದರೆ ಇವತ್ತಿನದಕ್ಕೆ ಹೂಂಗುಟ್ಟಲು ಯಾರನ್ನೂ ಕರೆಯುವ ಹಾಗಿಲ್ಲ. ಹೆಂಡತಿ ಬೀಬಿ ಜಾನಳನ್ನೂ ಇಲ್ಲ. ಅದಕ್ಕೇ ಮಗಳು ಅಂಜುಮ್ ಮದುವೆಗೆ ಮುಂಚೆ ಬಿಟ್ಟುಹೋದ ಈ ನೋಟ್‌ಬುಕ್ಕು ಹುಡುಕಿ ತೆಗೆದೆ. ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಸಣ್ಣದಾಗಿ ಬರೆದರೆ ನನಗೇ ಓದಲಾಗುವುದಿಲ್ಲ.

ಅದೇ ವಿಷಯ. ಎಡಗಣ್ಣಿಗೆ ಮಂಜು ಕವಿದು ಎರಡು ವರ್ಷವಾಯಿತು. ಬಲಗಣ್ಣು ಇದೆಯಲ್ಲ ಎಂದುಕೊಂಡು ದಿನ ದೂಡಿದೆ. ಈ ಬೇಸಿಗೆಯಲ್ಲಿ ಬಲಗಣ್ಣಿನ ಮುಂದೆಯೂ ಯಾರೋ ಎಣ್ಣೆ ಕಾಗದ ಹಿಡಿದ ಹಾಗಾಗಿದೆ. ಗಾಡಿ ಯಾರದ್ದು, ಯಾವ ಬಣ್ಣದ್ದು ಎಲ್ಲ ತಿಳಿಯುತ್ತದೆ. ಅದರ ಮೈಮೇಲೆ ಏನಿದೆ ಎಂಬುದು ತಿಳಿಯುವುದಿಲ್ಲ. ಗಾಡಿ ಒರೆಸುವವನಿಗೆ ಬೇಕಾದದ್ದು ಎರಡನೆಯದೇ.

ಇವತ್ತು ಶೆಟ್ಟಿಕೊಪ್ಪದ ವೃಷಭೇಂದ್ರಪ್ಪನವರ ಕರಿ ಗಾಡಿ ಬಂತು. ಗುರುವಾರ ಗುರುವಾರ ಬರುತ್ತದೆ. ಹೊಸದು, ಮೂರು ತಿಂಗಳೂ ಆಗಿಲ್ಲ. ಡ್ರೈವರ್ ಅರುಣ ಕೀ ಕೊಡುತ್ತಾ, "ಕಾಕಾ, ಔಷಧಿ ಹೊಡಿಯೋರಿಗೆ ಊಟ ತಗೊಂಡು ಹೋಗಿ ತೋಟದ ಗೇಟಲ್ಲೇ ನಿಲ್ಸಿದ್ದೆ. ಒಂಚೂರು ನೋಡ್ಕೊಳಿ" ಎಂದ.

ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಮೈಲುತುತ್ತ, ಸುಣ್ಣದ ನೀರು ಗಾಡಿಗೆ ಹಾರಿದರೆ ಒಣಗಿ ಚಕ್ಕೆಯಂತೆ ಹಳಕು ಹಳಕಾಗಿ ಕಚ್ಚಿಕೊಳ್ಳುತ್ತದೆ. ಪೈಪಿನ ನೀರಿಗೆ ಜಗ್ಗುವುದಿಲ್ಲ. ಹುಳಿ ನೀರಿನ ಬಟ್ಟೆ ಹಾಸಿ ನೆನೆಸಬೇಕು, ಕರಗಿದ ಮೇಲೆಯೇ ಒರೆಸಬೇಕು. ಇದು ನಾನೇ ಊರಿಗೆಲ್ಲ ಹೇಳಿಕೊಟ್ಟ ಪಾಠ. ಮುಖವನ್ನು ಬಾನೆಟ್ಟಿನ ಹತ್ತಿರ ಒಯ್ದು ನೋಡಿದೆ. ಏನೂ ಕಾಣಲಿಲ್ಲ. ಏನೂ ಇಲ್ಲ ಎಂದುಕೊಂಡೆ.

ತೊಳೆದೆ. ನೆರಳಿಗೆ ತಂದೆ. ಟಾಪು ಒರೆಸಿದ್ದಾಯಿತು. ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಎಳೆದಾಗ ಅಡಿಯಿಂದ ಕರಕರ ಎಂದಿತು. ಊಟದಲ್ಲಿ ಕಲ್ಲು ಸಿಕ್ಕಾಗ ಹಲ್ಲಿಗೆ ಆಗುವುದು ಕೈಗೆ ಆಯಿತು. ಕೈ ನಿಲ್ಲಿಸುವಷ್ಟರಲ್ಲಿ ಮೂರು ಸಲ ಎಳೆದಾಗಿತ್ತು.

ಗೆರೆ ಬಿತ್ತೋ ಇಲ್ಲವೋ? ಗಾಡಿಯನ್ನು ಬಿಸಿಲಿಗೆ ತಂದು ನೋಡಿದರೆ ಬಾನೆಟ್ಟು ಪೂರಾ ಬಿಳಿ. ನೆರಳಿಗೆ ತಂದರೆ ಪೂರಾ ಕಪ್ಪು. ಪಕ್ಕದ ಪಂಕ್ಚರ್ ಅಂಗಡಿಯ ಮುಷರಫನನ್ನು ಕೂಗಿ, "ಹೇಗೆ ಹೊಳೀತಿದೆ ನೋಡು ಮಾರಾಯ" ಎಂದೆ. ಅವನು ಟ್ಯೂಬಿನಿಂದ ತಲೆ ಎತ್ತದೆಯೇ, "ನಿಮ್ಮ ಬೋಳುತಲೆ ಹಾಗೆ ಹೊಳೀತಿದೆ ಕಾಕಾ" ಎಂದ. ಹತ್ತಿರ ಬಂದು ನೋಡು ಎಂದು ಹೇಗೆ ಹೇಳಲಿ? "ಯಾಕೆ, ನಿಮಗೆ ಕಾಣಲ್ವಾ?" ಎನ್ನುತ್ತಾನೆ. ಆ ಮಾತು ಪೇಟೆ ಸುತ್ತಿ ಬರಲು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು. ಕಣ್ಣು ಕಾಣದವನ ಕೈಗೆ ಗಾಡಿ ಯಾರು ಕೊಡುತ್ತಾರೆ? ಈ ಕೆಲಸ ಬಿಟ್ಟರೆ ನನಗೆ ಬೇರೆ ಬರುವುದಿಲ್ಲ.

ಉಳಿದ ಹಳಕುಗಳನ್ನು ಬೆರಳಲ್ಲಿ ತಡವಿ ತಡವಿ ನೆನೆಸಿ ತೆಗೆದೆ. ಅರುಣ ಗಾಡಿ ಒಯ್ದ. ಅವನಿಗೆ ಏನೂ ಹೇಳಲಿಲ್ಲ.

ಮೇ ೯, ಶುಕ್ರವಾರ

ಜುಮಾ ನಮಾಜಿನಲ್ಲಿ ಕುರ್ತಾ ಜೇಬಿನ ಫೋನು ನಡುಗಿತು. ನಾನೂ ನಡುಗಿದೆ. ವೃಷಭೇಂದ್ರಪ್ಪನವರೇ ಇರಬೇಕು. ಓದುತ್ತಿದ್ದ ಸಾಲು ಮರೆತು ಪಕ್ಕದವರು ಬಗ್ಗಿದಾಗ ಬಗ್ಗಿದೆ, ಎದ್ದಾಗ ಎದ್ದೆ. ಹೊರಗೆ ಬಂದು ಫೋನನ್ನು ಮೂಗಿಗೆ ತಾಗಿಸಿ ನೋಡಿದರೆ, ಯಾವುದೋ ಹಾಡನ್ನು ರಿಂಗ್‌ಟೋನ್ ಮಾಡಿಕೊಳ್ಳಿ ಎಂದು ಕಂಪನಿಯವರ ಮೆಸೇಜು.

ದೇವರ ಎದುರು ನಿಂತಾಗಲೂ ಶೆಟ್ಟಿಕೊಪ್ಪದವರ ಭಯವೇ ದೊಡ್ಡದಾಯಿತಲ್ಲ ಎಂದು ಈಗ ಬೇರೆ ಭಯ.

ಮೇ ೧೧, ಭಾನುವಾರ

ಐದು ಗಾಡಿ. ಎರಡು ಬಿಳಿ, ಒಂದು ಬೂದಿ ಬಣ್ಣ, ಎರಡು ಕೆಂಪು. ಕರಿಯದು ಬರಲಿಲ್ಲ, ಪುಣ್ಯ. ಬಿಳಿ ಗಾಡಿ ಒರೆಸುವವನ ತಪ್ಪನ್ನು ಮುಚ್ಚಿಡುತ್ತದೆ. ಕರಿ ಗಾಡಿ ಚಾಡಿಕೋರ.

ನನಗೆ ಮರೆತಿದೆಯೇನೋ ಎಂದು ಪರೀಕ್ಷೆ ಮಾಡಿಕೊಂಡೆ. ಮರೆತಿಲ್ಲ. ಕೊನೆಯ ನೀರನ್ನು ಪ್ರೆಶರ್ ಇಲ್ಲದೆ ಮೇಲಿಂದ ಸುಮ್ಮನೆ ಹರಿಯಬಿಡಬೇಕು. ಆಗ ಮುಕ್ಕಾಲು ಪಾಲು ನೀರು ತಾನಾಗಿಯೇ ಹಾಳೆಯ ಹಾಗೆ ಇಳಿದು ಹೋಗುತ್ತದೆ. ಬಿಸಿಲಲ್ಲಿ ಒರೆಸಬಾರದು, ನೀರು ಅಲ್ಲಲ್ಲೇ ಒಣಗಿ ಕಲೆ ಕೂರುತ್ತದೆ. ಹಳೆ ಪಂಚೆ, ಬೈರಾಸು ಟವೆಲ್ಲು ಹತ್ತಿರ ತರಬಾರದು. ನಯ ಬಟ್ಟೆಯನ್ನು ಹಾಸಿ ತನ್ನ ಕಡೆಗೆ ನೇರ ಎಳೆಯಬೇಕು. ಒತ್ತಬಾರದು, ರೊಟ್ಟಿ ತಟ್ಟುವ ಹಾಗೆ ಸುತ್ತ ತಿರುಗಿಸಬಾರದು. ನೆಲಕ್ಕೆ ಬಿದ್ದ ಬಟ್ಟೆ ಆಮೇಲೆ ಚಕ್ರಕ್ಕೆ ಮಾತ್ರ. ಕೈಗೆ ಎಲ್ಲ ನೆನಪಿದೆ. ಕೈಗೆ ಏನಾಗಿದೆ? ಏನೂ ಆಗಿಲ್ಲ.

ಬೀಬಿಯದೊಂದು ಹೊಸ ಚಾಳಿ. ಒಂದೊಂದು ಗಾಡಿ ಮುಗಿದಾಗಲೂ ಚಾ ಹಿಡಿದು ಬರುತ್ತಾಳೆ. ನಾನು ಕೂತು ಕುಡಿಯುವಷ್ಟು ಹೊತ್ತು ಗಾಡಿಯ ಸುತ್ತ ತಿರುಗುತ್ತಾಳೆ. ಹೆಗಲ ಮೇಲೆ ಅಡುಗೆಮನೆಯದೋ ಏನೋ ಒಂದು ಬಟ್ಟೆ. "ಎಂತ ಹುಡುಕ್ತೀಯ?" ಎಂದರೆ, "ನಡೆದರೆ ಮಂಡಿನೋವಿಗೆ ಒಳ್ಳೇದಂತೆ" ಎನ್ನುತ್ತಾಳೆ. ನಡೆಯಲು ಕೊಪ್ಪದಲ್ಲಿ ಬೇರೆ ಜಾಗ ಇಲ್ಲವಂತೆ. ಐದು ಚಾ ಕುಡಿದು ಹೊಟ್ಟೆ ಉರಿ.

ಮೇ ೧೪, ಬುಧವಾರ

ನಾಳೆ ಗುರುವಾರ.

ಮೇ ೧೫, ಗುರುವಾರ

ಕರಿ ಗಾಡಿ ಬರಲಿಲ್ಲ. ಬಾಳೆಹೊನ್ನೂರು ರಸ್ತೆಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಎದ್ದು ನಿಂತೆ. ಬಂದರೆ ಎದೆ ಒಡೆಯುತ್ತಿತ್ತು. ಬಾರದೆ ಇನ್ನೂ ಕೆಟ್ಟದಾಯಿತು. ಬಂದಿದ್ದರೆ ಮುಖ ನೋಡಿ ತಿಳಿಯಬಹುದಿತ್ತು. ಅಂದರೆ, ದನಿ ಕೇಳಿ.

ಒಬ್ಬ ಬೇಟೆಗಾರನ ಕಥೆ ಹೇಳುತ್ತಿದ್ದಳು ಅಜ್ಜಿ. ಹುಲಿ ಎದುರಿಗೆ ಬಂದಾಗ ಅವನು ಹೆದರಲಿಲ್ಲವಂತೆ. ಹುಲಿ ಪೊದೆಯೊಳಗೆ ಹೋಗಿ ಸುಮ್ಮನಾದ ಮೇಲೆ ಕೂತಲ್ಲೇ ಉಚ್ಚೆ ಹೊಯ್ದುಕೊಂಡನಂತೆ. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ಮೇ ೧೯, ಸೋಮವಾರ

ಗೆರೆ ಬಿದ್ದಿದೆ.

ಅರುಣ ಬೈಕಿನಲ್ಲಿ ಬಂದ. ಹೆಲ್ಮೆಟ್ ತೆಗೆಯದೆಯೇ ಶೆಡ್ಡಿನ ಕಂಬ ಹಿಡಿದು ನಿಂತ. ಅವನ ದನಿ ಹಾಗಿರುವುದನ್ನು ನಾನು ಕೇಳಿಯೇ ಇರಲಿಲ್ಲ.

"ಕಾಕಾ, ಯಜಮಾನ್ರು ಶನಿವಾರ ಬೆಳಿಗ್ಗೆ ಗಾಡೀನ ಅಂಗಳದ ಬಿಸಿಲಲ್ಲಿ ನೋಡಿದ್ರು. ಬಾನೆಟ್ಟಲ್ಲಿ ಒಂದು ಕಡೆ ಪೂರಾ ಜೇಡನ ಬಲೆ ಹಾಗೆ ಗೆರೆ. ಬೆಳಿಗ್ಗೆ ಧೂಳು ಒರೆಸೋವಾಗ ನಾನೇ ಒಣ ಬೈರಾಸಲ್ಲಿ ಉಜ್ಜಿದ್ದು ಅಂತಾರೆ. ಹಿಂದೆ ಒಂದ್ಸಲ ಹಾಗೆ ಮಾಡಿ ಬೈಸ್ಕೊಂಡಿದ್ದೆ, ನಿಜ. ಅದ್ರ ಮೇಲೆ ಮುಟ್ಟಿಲ್ಲ, ತಾಯಾಣೆ. ಈ ತಿಂಗಳು ಮುಗಿದ್ಮೇಲೆ ಬರಬೇಡ ಅಂದ್ರು."

ನಾನು ಬಕೆಟ್ಟಿನ ನೀರಿನಲ್ಲಿ ಕೈ ಆಡಿಸುತ್ತಾ ನಿಂತಿದ್ದೆ.

"ನೀವು ಒಂದು ಮಾತು ಹೇಳಿ ಕಾಕಾ. ಗಾಡಿ ನಿಮ್ಮ ಹತ್ರ ಬಂದಾಗ ಗೆರೆ ಇತ್ತಾ, ಇಲ್ವಾ?"

ಇತ್ತು ಎಂದರೆ ಅವನ ಕೆಲಸ ಹೋಯಿತು. ಇರಲಿಲ್ಲ ಎಂದರೆ ಮತ್ತೆಲ್ಲಿಂದ ಬಂತು ಎನ್ನುತ್ತಾರೆ.

"ನೆನಪಿಲ್ಲ ಅರುಣ" ಎಂದೆ.

"ನಿಮಗೆ ನೆನಪಿಲ್ವಾ? ಹದಿನೈದು ವರ್ಷದ ಹಿಂದೆ ಯಾರ ಜೀಪಿನ ಯಾವ ಬಾಗಿಲಿಗೆ ಎಮ್ಮೆ ಗುದ್ದಿದ್ದು ಅಂತ ಹೇಳ್ತೀರಿ" ಎಂದ. ಅದನ್ನು ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಸಿಟ್ಟಿರಲಿಲ್ಲ. ಹೋಗುವಾಗ, "ಗುರುವಾರ ಯಜಮಾನ್ರೇ ಬರ್ತಾರಂತೆ. ಕಮಾಲ್ ಸಾಬ್ರು ಏನಂತಾರೋ ಅದೇ ಕೊನೆ ಅಂದಿದ್ದಾರೆ" ಎಂದು ಹೇಳಿ ಹೋದ.

ಮೇ ೨೦, ಮಂಗಳವಾರ

ಮಳೆ. ಗಾಡಿ ಇಲ್ಲ. ಅರುಣನ ಮಗಳು ಈ ವರ್ಷ ಒಂದನೇ ಕ್ಲಾಸಿಗೆ ಹೋಗುತ್ತಾಳೆ. ಅದು ನನಗೆ ನೆನಪಿದೆ.

ಮೇ ೨೧, ಬುಧವಾರ

ಗುರುವಾರಕ್ಕೆ ಮೂರು ಉತ್ತರ ಮಾಡಿಟ್ಟುಕೊಂಡಿದ್ದೇನೆ.

ಒಂದು: ಗೆರೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು ಯಜಮಾನ್ರೇ, ಹೊಸ ಗಾಡಿಗಳ ಬಣ್ಣವೇ ಈಗ ತೆಳು. ಎರಡು: ತೋಟದ ಗೇಟಿನ ಹತ್ತಿರ ಕೊಂಬೆ ತಾಗಿರಬಹುದು. ಮೂರು: ಜ್ವರ ಬಂದಿದೆ ಎಂದು ಮಲಗಿಬಿಡುವುದು.

ಮೂರನೆಯದನ್ನು ಇವತ್ತೇ ಶುರು ಮಾಡಿದೆ. ಕಂಬಳಿ ಹೊದ್ದು ಮಲಗಿದೆ. ಬೀಬಿ ಹಣೆ ಮುಟ್ಟಿದಳು. "ಜ್ವರ ಇಲ್ಲ" ಎಂದಳು. ಆಮೇಲೆ ಕಾಲ ಬಳಿ ಕೂತಳು. ಮನೆಯಲ್ಲಿ ನಾವು ಆಡುವ ಭಾಷೆ ಬೇರೆ. ಅವಳು ಹೇಳಿದ್ದನ್ನು ಕನ್ನಡ ಮಾಡಿ ಬರೆದರೆ ಅಷ್ಟು ಮೆತ್ತಗೆ ಬರುವುದಿಲ್ಲ. ಆದರೂ ಬರೆಯುತ್ತೇನೆ: "ನಿಮ್ಮ ಕಣ್ಣಿಗೆ ಹೆದರ್ತೀರೋ, ಜನಕ್ಕೆ ಹೆದರ್ತೀರೋ, ಅದನ್ನಾದ್ರೂ ಹೇಳಿ."

ನಾನು ನಿದ್ದೆ ಬಂದವನ ಹಾಗೆ ಉಸಿರಾಡಿದೆ. ಇವಳಿಗೆ ಯಾರು ಹೇಳಿದರು?

ಮೇ ೨೨, ಗುರುವಾರ

ಹನ್ನೊಂದು ಗಂಟೆಗೆ ಬಂದರು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಮಳೆಯೇ ಇದ್ದಿದ್ದರೆ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಅಷ್ಟು ಕೃಪೆಯೂ ಆಗಲಿಲ್ಲ. ಅರುಣ ಗಾಡಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿ ಇಳಿದು ದೂರ ನಿಂತ. ವೃಷಭೇಂದ್ರಪ್ಪನವರ ಕೈಯಲ್ಲಿ ಕೊಡೆ. ಅದರ ತುದಿ ನೆಲಕ್ಕೆ ಟಕ್ ಟಕ್ ಎನ್ನುತ್ತಿತ್ತು.

"ಸಾಬ್ರೇ, ಹಳೆ ಜೀಪಿನ ಕಾಲದಿಂದ ನಿಮ್ಮ ಕೈಗೆ ಗಾಡಿ ಕೊಟ್ಟಿದ್ದೀನಿ. ಬೇರೆಯವ್ರ ಮಾತು ನನಗೆ ಬೇಡ. ಇಲ್ಲಿ ಬನ್ನಿ. ಇದು ಬೈರಾಸಲ್ಲಿ ಉಜ್ಜಿದ ಗೆರೆಯಾ, ಅಲ್ವಾ? ನೋಡಿ ಹೇಳಿ."

ಹೋದೆ. ಬಗ್ಗಿದೆ. ಮುಷರಫನೂ ಬಂದು ನಿಂತ. ಬಾಗಿಲ ಬಳಿ ಬೀಬಿಯ ಬಳೆ ಸದ್ದಾಯಿತು. ಬಾನೆಟ್ಟು ಕಾದಿತ್ತು, ಕೆನ್ನೆಗೆ ಶಾಖ ತಾಗುವಷ್ಟು ಹತ್ತಿರ ಹೋದೆ. ಬಿಳಿ. ಬರೀ ಬಿಳಿ. ಒಂದನೇ ಉತ್ತರ ನಾಲಿಗೆಯ ಮೇಲಿತ್ತು. ಎಲ್ಲರೂ ಕಾಯುತ್ತಿದ್ದರು. ನನ್ನ ಆಯುಷ್ಯದಲ್ಲಿ ಎಷ್ಟೋ ಜನರನ್ನು ಕಥೆ ಹೇಳುತ್ತಾ ಹೀಗೆ ಕಾಯಿಸಿದ್ದೇನೆ. ಆಗ ಮುಂದಿನ ಮಾತು ನನಗೆ ಗೊತ್ತಿರುತ್ತಿತ್ತು.

"ನನಗೆ ಕಾಣ್ತಿಲ್ಲ" ಎಂದೆ.

"ಕಾಣ್ತಿಲ್ಲ ಅಂದ್ರೆ? ಇಷ್ಟು ದೊಡ್ಡ ಗೆರೆ ಇಲ್ಲ ಅಂತೀರಾ? ಈ ಅರುಣನ್ನ ಉಳ್ಸೋಕೆ ಹೊರಟಿದ್ದೀರೋ ಹೇಗೆ?"

"ಗೆರೆ ಇರಬಹುದು ಯಜಮಾನ್ರೇ. ನನ್ನ ಕಣ್ಣೇ ಕಾಣ್ತಿಲ್ಲ. ಎಂಟನೇ ತಾರೀಖು ಔಷಧಿ ಹಾರಿದ್ದು ನನಗೆ ಕಾಣಲಿಲ್ಲ. ನೋಡ್ಕೊಳಿ ಅಂತ ಅರುಣ ಹೇಳಿದ್ದ. ಅದರ ಮೇಲೇ ಬಟ್ಟೆ ಎಳೆದೆ. ಗೆರೆ ನಂದು."

ಕೊಡೆಯ ಸದ್ದು ನಿಂತಿತು.

"ಎಷ್ಟು ದಿನ ಆಯ್ತು ಕಾಣದೆ?"

"ಒಂದು ಕಣ್ಣು ಎರಡು ವರ್ಷದಿಂದ. ಇನ್ನೊಂದು ಈ ಬೇಸಿಗೆಯಿಂದ."

"ಎರಡು ವರ್ಷ! ಥೂ, ಎಂಥ ಮನುಷ್ಯನಯ್ಯಾ ನೀನು. ಕಣ್ಣು ಕಾಣ್ದೆ ಊರೋರ ಗಾಡಿ ಉಜ್ಜುತಾ ಕೂತಿದ್ದೀಯಲ್ಲ! ನಿನ್ನ ಕೈ ನಂಬಿ ನಾನು ಈ ಹುಡುಗನ್ನ ಮನೆಗೆ ಕಳಿಸ್ತಿದ್ದೆ!"

ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ತೊಳೆಸದೆಯೇ ಗಾಡಿ ಹತ್ತಿದರು. ಅರುಣ ಹತ್ತುವ ಮುಂಚೆ ನನ್ನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟ.

ಮುಷರಫ ಮಾತ್ರ, "ಮತ್ತೆ ಕಾಕಾ, ನನ್ನ ಬಿರಿಯಾನಿ ತಟ್ಟೆಯಲ್ಲಿದ್ದ ದೊಡ್ಡ ತುಂಡು ನಿಮಗೆ ಹೇಗೆ ಕಾಣ್ತಿತ್ತು ಮಾರಾಯ್ರೆ?" ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಮೇ ೨೩, ಶುಕ್ರವಾರ

ಒಂದೂ ಗಾಡಿ ಬರಲಿಲ್ಲ.

ಮೇ ೨೪, ಶನಿವಾರ

ಇವತ್ತೂ ಇಲ್ಲ. ಮಳೆಗೆ ಎನ್ನೋಣ. ಪೇಟೆಯಲ್ಲಿ ಒಬ್ಬರು ಕೈ ಹಿಡಿದು ರಸ್ತೆ ದಾಟಿಸಿದರು. ನಾನು ದಾಟಲು ನಿಂತಿರಲೇ ಇಲ್ಲ.

ಮೇ ೨೮, ಬುಧವಾರ

ಹಿರೇಕೊಡಿಗೆಯ ಯಮುನಮ್ಮನವರ ನೀಲಿ ಗಾಡಿ ಬಂತು. ಟೀಚರಮ್ಮ. ಕೆಸರಲ್ಲಿ ಗಾಡಿಯ ನಂಬರೇ ಮುಚ್ಚಿಹೋಗಿತ್ತು. "ತೊಳೀರಿ, ಆದ್ರೆ..." ಎಂದು ನಿಲ್ಲಿಸಿದರು. ಬೀಬಿ ನನ್ನ ಹೆಗಲಿಂದ ಬಟ್ಟೆ ಎಳೆದುಕೊಂಡು, "ಒರೆಸೋದು ನಾನು ಟೀಚರ್" ಎಂದಳು. ನನ್ನ ಬಟ್ಟೆಯನ್ನು ಈವರೆಗೆ ಯಾರೂ ಮುಟ್ಟಿದ್ದಿಲ್ಲ. ಮುಟ್ಟಲು ಬಿಟ್ಟದ್ದಿಲ್ಲ.

ನಾನು ಹಿಂದೆ ನಿಂತು ಹೇಳುತ್ತಾ ಹೋದೆ. "ಮೇಲಿಂದ ಶುರು ಮಾಡು. ಒತ್ತಬೇಡ. ಬಟ್ಟೆ ಮಡಚು, ಹೊಸ ಮಗ್ಗುಲು ತೆಗಿ. ಕನ್ನಡಿ ಸಂದಿಯ ನೀರು ಊದಿ ತೆಗಿ, ಇಲ್ಲದಿದ್ರೆ ಹೊರಟ ಮೇಲೆ ಇಳೀತದೆ."

"ಗೊತ್ತು" ಎಂದಳು.

"ಹಿಂದಿನ ಬಾಗಿಲ ಅಂಚು..."

"ಗೊತ್ತು ರೀ. ದಿನಾ ಉಳಿಯೋದು ಅಲ್ಲೇ."

ಅದು ಅವಳಿಗೆ ಹೇಗೆ ಗೊತ್ತೋ. ಹೆಂಗಸರಿಗೆ ಇಂಥದ್ದು ಬೇಗ ಹತ್ತುತ್ತದೆ. ಕೈ ಹಗುರ ಇದೆ, ಒಪ್ಪಬೇಕು. ನಾನು ಬಕೆಟ್ ಹಿಡಿದೆ. ಟೀಚರಮ್ಮ ಗಾಡಿಯ ಸುತ್ತ ಎರಡು ಸುತ್ತು ಬಂದರು. "ಚೆನ್ನಾಗಿದೆ" ಎಂದರು. ಬೀಬಿಗೆ ಎಂದರು.

ಜೂನ್ ೨, ಸೋಮವಾರ

ನರಸಿಂಹರಾಜಪುರದಿಂದ ಅಂಜುಮ್ ಬಂದಿದ್ದಳು. ಅವಳಿಗೂ ಸುದ್ದಿ ಮುಟ್ಟಿದೆ. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿಗೆ ಪೊರೆ, ತುಂಬ ಬಲಿತಿದೆ, ಮೊದಲು ಎಡಗಣ್ಣು ಮಾಡೋಣ, ಇಷ್ಟು ಬಲಿತದ್ದಕ್ಕೆ ಗ್ಯಾರಂಟಿ ಕೊಡಲ್ಲ, ಪ್ರಯತ್ನ ಮಾಡ್ತೀವಿ ಎಂದರು ಡಾಕ್ಟರು. ಅವರು ಹೇಳಿದ್ದು ಇಷ್ಟು ಉದ್ದ. ನನ್ನ ಕಿವಿಯಲ್ಲಿ ಉಳಿದದ್ದು 'ಗ್ಯಾರಂಟಿ ಕೊಡಲ್ಲ' ಅಷ್ಟೇ.

ನಮ್ಮ ದೊಡ್ಡಪ್ಪನಿಗೆ ಹೀಗೇ ಮಾಡಿಸಿದ್ದರು. ಆ ಕಣ್ಣು ಮತ್ತೆ ತೆರೆಯಲಿಲ್ಲ. ಅದಕ್ಕೇ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಇದನ್ನು ಇಲ್ಲೂ ಇವತ್ತೇ ಬರೆದದ್ದು.

ಜೂನ್ ೧೦, ಮಂಗಳವಾರ

ನಾಳೆ ಎಡಗಣ್ಣಿನ ಆಪರೇಷನ್ನು, ಬೆಳಿಗ್ಗೆ ಆರಕ್ಕೆ ಶಿವಮೊಗ್ಗಕ್ಕೆ ಹೊರಡಬೇಕು. ಬಕ್ರೀದಿನ ದಿನ ಮಸೀದಿಯಲ್ಲಿ ಎಲ್ಲರೂ ತಬ್ಬಿಕೊಂಡು, "ಏನಾಗಲ್ಲ, ಏನಾಗಲ್ಲ" ಎಂದರು. ಅಷ್ಟು ಜನ ಹೇಳಿದ ಮೇಲೆ ಏನಾದರೂ ಆಗುತ್ತದೆ ಎಂದೇ ಅನಿಸತೊಡಗಿದೆ.

ಇವತ್ತು ಮೂರು ಗಾಡಿ ಆಯಿತು. ನಾನು ತೊಳೆದೆ, ಬೀಬಿ ಒರೆಸಿದಳು. ಒಂದು ಗಾಡಿ ಕರಿಯದು. ಅದು ಮುಗಿಯುವವರೆಗೆ ನಾನು ಒಳಗೆ ಹೋಗಿ ಕೂತಿದ್ದೆ.

ನಾಳೆ ಅವರು ಕಣ್ಣಿಗೆ ಕತ್ತಿ ಹಾಕುವಾಗ ಅಲುಗಾಡಬಾರದಂತೆ. ಅಲುಗಾಡದೆ ಹೇಗಿರುವುದು? "ಕೈ ಹಿಡ್ಕೊಳ್ಳೋಕೆ ಒಳಗೆ ಬಿಡ್ತಾರಾ ಕೇಳು" ಎಂದು ಬೀಬಿಗೆ ಹೇಳಿದ್ದೇನೆ.

ಜೂನ್ ೧೨, ಗುರುವಾರ

ನಾನು ಹೇಳುತ್ತಿದ್ದೇನೆ, ಬೀಬಿ ಬರೆಯುತ್ತಿದ್ದಾಳೆ. ಬಗ್ಗಬಾರದು, ಕಣ್ಣಿಗೆ ಶ್ರಮ ಕೊಡಬಾರದು ಎಂದಿದ್ದಾರೆ. ಹಿಂದಿನ ಹಾಳೆ ತಿರುಗಿಸಬೇಡ ಎಂದು ಅವಳಿಗೆ ಹೇಳಿದ್ದೆ. ತಿರುಗಿಸಿದ ಸದ್ದು ಕೇಳಿತು. ಅದನ್ನೂ ಬರಿ ಎಂದಿದ್ದೇನೆ, ಬರೆದಿದ್ದಾಳೆ.

ಎಡಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ನಾಳೆ ಬಿಚ್ಚುತ್ತಾರೆ. ನೋವಿಲ್ಲ. ನೋವಿದ್ದರೆ ವಾಸಿಯಿತ್ತು, ಒಳಗೆ ಏನೋ ನಡೆಯುತ್ತಿದೆ ಎಂದು ತಿಳಿಯುತ್ತಿತ್ತು. ಒಳಗೆ ಬಿಡಲಿಲ್ಲ ಇವಳನ್ನು. ಒಬ್ಬ ನರ್ಸಮ್ಮ ಕೈ ಹಿಡಿದಿದ್ದಳು. ಅವಳಿಗೆ ನಮ್ಮಜ್ಜಿಯ ಒಂದು ಕಥೆ ಶುರು ಮಾಡಿದೆ, ಅರ್ಧಕ್ಕೆ ಡಾಕ್ಟರು ಮಾತಾಡಬೇಡಿ ಎಂದರು. ನಾಳೆ ಪಟ್ಟಿ ಬಿಚ್ಚಿದಾಗ ಕತ್ತಲೆಯೇ ಇದ್ದರೆ ನಾನು ಯಾರಿಗೂ

ಇಲ್ಲಿಂದ ನಾನು ಬೀಬಿ ಜಾನ್ ಬರೆದದ್ದು. ಅವರು ಹೇಳುತ್ತಾ ಹೇಳುತ್ತಾ ನಿದ್ದೆ ಹೋದರು. ಮಾತ್ರೆಯ ನಿದ್ದೆ.

ನಾಲ್ಕು ಗಂಟೆಗೆ ಶೆಟ್ಟಿಕೊಪ್ಪದ ಗಾಡಿ ಬಂತು. ಅರುಣ ಓಡಿಸಿಕೊಂಡು ಬಂದಿದ್ದ. ಯಜಮಾನರೂ ಇದ್ದರು. "ಸಾಬ್ರು?" ಎಂದರು. ಮಲಗಿದ್ದಾರೆ, ನಾಳೆ ಪಟ್ಟಿ ಬಿಚ್ಚುತ್ತಾರೆ ಎಂದೆ. "ಒರೆಸೋದು ಯಾರು?" ಎಂದರು. ನಾನು ಎಂದೆ. ಮುಷರಫನ ಬೆಂಚಿಗೆ ಹೋಗಿ ನಮ್ಮ ಕಡೆ ಬೆನ್ನು ಹಾಕಿ ಕೂತರು. ಮುಗಿಯುವವರೆಗೂ ತಿರುಗಿ ನೋಡಲಿಲ್ಲ.

ಬಾನೆಟ್ಟೊಂದಕ್ಕೇ ಎರಡು ಬಟ್ಟೆ ಬದಲಾಯಿಸಿದೆ. ಆಮೇಲೆ ಅರುಣನಿಗೆ ಹೇಳಿ ಗಾಡಿಯನ್ನು ಬಿಸಿಲು ಬಿದ್ದ ಕಡೆ ನಿಲ್ಲಿಸಿ ಬಾನೆಟ್ಟು ಪೂರ್ತಿ ನೋಡಿದೆ. ಹೊಸ ಗೆರೆ ಒಂದೂ ಇಲ್ಲ. ಹಳೆಯದು ಹಾಗೇ ಇದೆ. ಪಾಲಿಷ್ ಹೊಡೆಸಿದರೆ ಹೋಗುತ್ತದೆ, ಶಿವಮೊಗ್ಗಕ್ಕೆ ಒಯ್ಯಬೇಕು ಎಂದಿದ್ದಾರಂತೆ ಯಜಮಾನರು. ಒಂದು ವಾರ ತಡೀರಿ, ಮುಂದಿನ ಗುರುವಾರ ಹೀಗೇ ತನ್ನಿ ಎಂದು ನಾನೇ ಹೋಗಿ ಕೇಳಿಕೊಂಡೆ. "ಯಾಕಮ್ಮ?" ಎಂದರು.

ನಮ್ಮವರು ಇನ್ನೂ ಆ ಗೆರೆ ನೋಡಿಲ್ಲ ಎಂದೆ.